ಹೊಗೆಯೊಳಗೆ ಬಾಗಿಲು ಯಾವ ಕಡೆ?

1999ರ ಡಿಸೆಂಬರ್ 3ರ ಸಂಜೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದಲ್ಲಿ ಪಾಳುಬಿದ್ದ ಶೀತಲ ಗೋದಾಮೊಂದಕ್ಕೆ ಬೆಂಕಿ ಹತ್ತಿಕೊಂಡಿತು. ಆರು ಅಂತಸ್ತಿನ ಇಟ್ಟಿಗೆ ಕಟ್ಟಡ. ತಂಪು ಹೊರಹೋಗದಿರಲಿ ಎಂದೇ ಕಟ್ಟಿದ್ದರಿಂದ ಕಿಟಕಿಗಳು ಇಲ್ಲವೆನ್ನುವಷ್ಟು ಕಡಿಮೆ. ಗೋಡೆಗಳ ಒಳಮೈಗೆ ಕಾರ್ಕ್, ಪಾಲಿಸ್ಟೈರೀನ್, ಪಾಲಿಯುರೆಥೇನ್ ನೊರೆಯ ಹೊದಿಕೆ. ಮನೆಯಿಲ್ಲದ ಇಬ್ಬರು ಒಳಗೆ ಬಿಡಾರ ಹೂಡಿದ್ದಾರೆ ಎಂಬ ಸುದ್ದಿ ಕೇಳಿ ಅಗ್ನಿಶಾಮಕ ಸಿಬ್ಬಂದಿ ಹುಡುಕಲು ಮೇಲೇರಿದರು. ಆ ಇಬ್ಬರು ಅಷ್ಟರಲ್ಲಾಗಲೇ ಹೊರಟುಹೋಗಿದ್ದರು. ಹುಡುಕುತ್ತಿದ್ದ ಇಬ್ಬರು ಫೈರ್‌ಮನ್‌ಗಳಿಗೆ ಹೊಗೆಯಲ್ಲಿ ದಾರಿ ತಪ್ಪಿತು. ಸಿಲಿಂಡರಿನ ಗಾಳಿ ಮುಗಿಯುತ್ತಿದೆ ಎಂದು ಅವರು ರೇಡಿಯೊದಲ್ಲಿ ಹೇಳಿದರು. ಅವರನ್ನು ಹುಡುಕಲು ಹೋದವರಲ್ಲಿ ಇನ್ನೂ ನಾಲ್ವರು ಮರಳಿ ಬರಲಿಲ್ಲ. ಕೊನೆಗೆ ಮೈಕ್ ಮೆಕ್‌ನಾಮೀ ಎಂಬ ಅಧಿಕಾರಿ ಮೆಟ್ಟಿಲ ಬುಡದಲ್ಲಿ ಅಡ್ಡ ನಿಂತು, ಒಳನುಗ್ಗಲು ಕಾತರಿಸುತ್ತಿದ್ದ ತನ್ನದೇ ಸಹೋದ್ಯೋಗಿಗಳನ್ನು ತಡೆಯಬೇಕಾಯಿತು. ಆರೂ ಶವಗಳನ್ನು ಹೊರತೆಗೆಯಲು ಎಂಟು ದಿನ ಹಿಡಿಯಿತು.

ಇದಕ್ಕೆ 41 ವರ್ಷ ಹಿಂದೆ, 1958ರ ಜನವರಿಯಲ್ಲಿ, ಲಂಡನ್ನಿನ ಸ್ಮಿತ್‌ಫೀಲ್ಡ್ ಮಾರುಕಟ್ಟೆಯ ನೆಲಮಾಳಿಗೆಯಲ್ಲಿ ಇಂಥದೇ ದುರಂತ ನಡೆದಿತ್ತು. ಅಲ್ಲೂ ಶೀತಲ ಕೋಣೆಗಳು, ಕವಲೊಡೆದ ಓಣಿಗಳು, ದಟ್ಟ ಹೊಗೆ. ದಾರಿ ಸಿಗದೆ ಇಬ್ಬರು ಸತ್ತರು. ಆಮೇಲೆ ಬ್ರಿಟನ್ನಿನ ದಳಗಳಲ್ಲಿ ಹೊಸ ಕಟ್ಟುಪಾಡು ಬಂತು. ಬಿಎ ಸೆಟ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ತೊಟ್ಟು ಒಳಹೋಗುವ ಪ್ರತಿಯೊಬ್ಬರೂ ತಮ್ಮ ಹೆಸರಿನ ಬಿಲ್ಲೆಯನ್ನು ಬಾಗಿಲ ಬಳಿಯ ಅಧಿಕಾರಿಗೆ ಒಪ್ಪಿಸಬೇಕು. ಆತ ಅದನ್ನು ಹಲಗೆಗೆ ಸಿಕ್ಕಿಸಿ, ಒಳಹೋದ ಹೊತ್ತು ಮತ್ತು ಸಿಲಿಂಡರಿನ ಒತ್ತಡ ಬರೆದುಕೊಂಡು, ಗಾಳಿ ಯಾವಾಗ ತೀರುತ್ತದೆಂದು ಲೆಕ್ಕಹಾಕಬೇಕು. ಈ ಹಲಗೆ ಎಷ್ಟೋ ಜೀವ ಉಳಿಸಿದೆ. ಯಾರು ಒಳಗಿದ್ದಾರೆ, ಇನ್ನೆಷ್ಟು ಹೊತ್ತು ಉಸಿರಾಡಬಲ್ಲರು ಎಂಬುದನ್ನು ಅದು ಹೇಳುತ್ತದೆ. ಎಲ್ಲಿದ್ದಾರೆ ಎಂಬುದನ್ನು ಹೇಳಲು ಅದರಿಂದಾಗದು.

ವೂಸ್ಟರ್‌ನಲ್ಲೇ ಒಂದು ತಾಂತ್ರಿಕ ವಿದ್ಯಾಲಯವಿದೆ, ವೂಸ್ಟರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್. ತಮ್ಮ ಊರಿನ ಆರು ಮಂದಿಯ ಸಾವು ಅಲ್ಲಿನ ಎಂಜಿನಿಯರುಗಳನ್ನು ಕಾಡಿತು. ಕಟ್ಟಡದೊಳಗಿನ ಸಿಬ್ಬಂದಿಯ ಜಾಗವನ್ನು ಹೊರಗಿನಿಂದ ಪತ್ತೆಹಚ್ಚುವ ಸಂಶೋಧನೆಯನ್ನು ಅವರು ಕೈಗೆತ್ತಿಕೊಂಡರು. ಜಗತ್ತಿನ ಬೇರೆ ಬೇರೆ ಕಡೆ ಇದೇ ಕೆಲಸದಲ್ಲಿದ್ದವರನ್ನು ವರ್ಷ ವರ್ಷವೂ ಒಂದೆಡೆ ಸೇರಿಸಿದರು. ಅಲ್ಲಿಂದ ಈಚೆಗೆ ಅಮೆರಿಕ, ಯುರೋಪ್, ಭಾರತಗಳಲ್ಲಿ ನಡೆದ ಪ್ರಯತ್ನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಪ್ರಶ್ನೆ ಒಂದಲ್ಲ ಎರಡು ಎಂಬುದು ಗೊತ್ತಾಗುತ್ತದೆ. ಹೊರಗೆ ನಿಂತ ಅಧಿಕಾರಿ ಕೇಳುವುದು ‘ನನ್ನ ಹುಡುಗ ಎಲ್ಲಿದ್ದಾನೆ?’ ಒಳಗೆ ಮೊಣಕಾಲೂರಿದ ಹುಡುಗ ಕೇಳುವುದು ‘ಬಾಗಿಲು ಯಾವ ಕಡೆ?’ ಹಣವೂ ಬುದ್ಧಿಯೂ ಹೆಚ್ಚಾಗಿ ಹರಿದದ್ದು ಮೊದಲನೆಯದಕ್ಕೆ. ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದನ್ನು ಕೇಳಬೇಕಾದ ಸಂದರ್ಭಗಳೇ ಕಡಿಮೆಯಾಗುತ್ತವೆ ಎಂಬುದು ನನ್ನ ನಿಲುವು.

ಒಳಗಿನವರ ಬಳಿ ಈಗ ಏನಿದೆ ಎಂಬುದನ್ನು ಮೊದಲು ನೋಡೋಣ. ಕಣ್ಣು ಇಲ್ಲ. ಹೊಗೆ ದಟ್ಟವಾದಾಗ ಕೈಯಲ್ಲಿನ ಟಾರ್ಚಿನ ಬೆಳಕೂ ಮುಖದ ಮುಂದೆಯೇ ನಿಂತುಬಿಡುತ್ತದೆ. ಕಿವಿಗೆ ಬೆಂಕಿಯ ಸದ್ದು, ನೀರಿನ ಸದ್ದು, ಎಲ್ಲಕ್ಕಿಂತ ಹೆಚ್ಚಾಗಿ ಮಾಸ್ಕಿನೊಳಗಿನ ತನ್ನದೇ ಉಸಿರಿನ ಸದ್ದು. ಉಳಿದಿರುವುದು ಸ್ಪರ್ಶ. ತರಬೇತಿಯಲ್ಲಿ ಕಲಿಸುವುದೂ ಅದನ್ನೇ: ಬಲಗೈಯನ್ನು ಗೋಡೆಗೆ ಹಚ್ಚಿ ಒಳಹೋದರೆ, ತಿರುಗಿ ಬರುವಾಗ ಅದೇ ಗೋಡೆ ಎಡಗೈಗೆ ಸಿಗಬೇಕು. ಹೋಸ್ ಹಿಡಿದು ಹೋದವರಿಗೆ ಹೋಸೇ ದಾರಿ. ಎರಡು ಹೋಸ್ ಸೇರುವ ಕಪ್ಲಿಂಗ್ ಅನ್ನು ಕೈಗವಸಿನಲ್ಲೇ ತಡವಿ, ಪಂಪ್ ಯಾವ ಕಡೆ, ಬೆಂಕಿ ಯಾವ ಕಡೆ ಎಂದು ತಿಳಿಯಬೇಕು. ದೊಡ್ಡ ಕಟ್ಟಡಗಳಿಗೆ ಮಾರ್ಗದ ಹಗ್ಗವಿದೆ. ಹೊರಗಿನ ದಿಕ್ಕು ಬೆರಳಿಗೆ ತಿಳಿಯುವಂತೆ ಅದಕ್ಕೆ ಉದ್ದಕ್ಕೂ ಗುರುತುಗಳನ್ನು ಕಟ್ಟಿರುತ್ತಾರೆ. ಇವೆಲ್ಲ ಕೈ ಬಿಡದಿರುವ ತನಕ ಮಾತ್ರ. ಯಾರನ್ನೋ ಎತ್ತಿಕೊಳ್ಳಲು ಒಮ್ಮೆ ಗೋಡೆ ಬಿಟ್ಟು, ಅರ್ಧ ಸುತ್ತು ತಿರುಗಿದರೆ ಸಾಕು, ಮನಸ್ಸಿನೊಳಗಿನ ನಕ್ಷೆ ಚದುರಿಹೋಗುತ್ತದೆ. ಅಷ್ಟರಲ್ಲಿ ಗಾಳಿಯೂ ಇಳಿಯುತ್ತಿರುತ್ತದೆ. ಅರ್ಧ ಗಂಟೆಯದೆಂದು ಹೆಸರಿರುವ ಸಿಲಿಂಡರು ಏದುಸಿರಿನ ದುಡಿತದಲ್ಲಿ ಅಷ್ಟು ಹೊತ್ತು ಬಾಳುವುದಿಲ್ಲ.

ಈ ಹಿನ್ನೆಲೆಯಲ್ಲಿ ಮೈಮೇಲೆ ಮೊದಲು ಬಂದ ಎಲೆಕ್ಟ್ರಾನಿಕ್ ಸಾಧನ ‘ಪಾಸ್’ ಎಂಬ ಚಿಕ್ಕ ಅಲಾರಂ. ತೊಟ್ಟವರು ಸುಮಾರು ಅರ್ಧ ನಿಮಿಷ ಅಲುಗಾಡದಿದ್ದರೆ ಅದು ಜೋರಾಗಿ ಕೂಗತೊಡಗುತ್ತದೆ. 1980ರ ದಶಕದಿಂದ ಇದಕ್ಕೆ ಅಮೆರಿಕದಲ್ಲಿ ಮಾನದಂಡವಿದೆ. ಆದರೆ ಈ ಶತಮಾನದ ಮೊದಲ ವರ್ಷಗಳಲ್ಲಿ ಸತ್ತ ಕೆಲವರ ಪಾಸ್ ಕೂಗು ಯಾರಿಗೂ ಕೇಳಿಸಿರಲಿಲ್ಲ ಎಂಬುದು ತನಿಖೆಗಳಲ್ಲಿ ಹೊರಬಿತ್ತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಪರೀಕ್ಷಿಸಿದಾಗ, ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲೇ ಸದ್ದು ಕುಗ್ಗತೊಡಗುವುದು ಕಂಡಿತು. ಆ ಬಳಿಕ ಮಾನದಂಡ ಬಿಗಿಯಾಯಿತು. 260 ಡಿಗ್ರಿಯಲ್ಲಿ ಐದು ನಿಮಿಷ ತಡೆಯಬೇಕೆಂಬ ಪರೀಕ್ಷೆ ಈ ಕ್ಷೇತ್ರದ ಸಾಧನಗಳಿಗೆ ಇಂದು ಅಳತೆಗೋಲಾಗಿದೆ. ಮುಂದೆ ಹೇಳಲಿರುವ ಸಾಧನಗಳನ್ನೂ ಓದುಗರು ಇದೇ ಅಳತೆಗೋಲಿನಿಂದ ನೋಡಬೇಕು. ಪ್ರಯೋಗಾಲಯದ ಮೇಜಿನ ಮೇಲೆ ಬೆರಗುಗೊಳಿಸಿದ ಎಷ್ಟೋ ವಿನ್ಯಾಸಗಳು ಈ ಐದು ನಿಮಿಷವನ್ನು ದಾಟಿಲ್ಲ.

ಮೊಬೈಲಿನ ಜಿಪಿಎಸ್ ಸಾಲದೇ ಎಂದು ಯಾರಿಗಾದರೂ ಅನಿಸಬಹುದು. ಸುಮಾರು 20,000 ಕಿ.ಮೀ. ಎತ್ತರದ ಉಪಗ್ರಹದಿಂದ ಬರುವ ಆ ಸಂಕೇತ ಬಹಳ ಕ್ಷೀಣ, ಕಾಂಕ್ರೀಟ್ ಛಾವಣಿಯನ್ನು ಸರಿಯಾಗಿ ದಾಟದು. ಹಾಗಾಗಿ ಎಂಜಿನಿಯರುಗಳು ಬೆಂಕಿ ನಂದಿಸುವ ವಾಹನಗಳ ಮೇಲೇ ಆಂಟೆನಾ ಇಟ್ಟು, ಒಳಗಿನವರ ಮೈಮೇಲಿನ ಪುಟ್ಟ ಟ್ರಾನ್ಸ್‌ಮಿಟರಿನ ರೇಡಿಯೊ ಅಲೆ ಬಂದು ಮುಟ್ಟುವ ಹೊತ್ತನ್ನು ಅಳೆಯಲು ನೋಡಿದರು. ವೂಸ್ಟರ್‌ನವರ ದಾರಿ ಇದೇ. ತೊಡಕೇನೆಂದರೆ ರೇಡಿಯೊ ಅಲೆ ಕಬ್ಬಿಣದ ಕಪಾಟಿಗೆ, ಲಿಫ್ಟಿನ ಬಾಗಿಲಿಗೆ, ಕಂಬಿಗಳಿಗೆ ಬಡಿದು ಹತ್ತು ಕಡೆಯಿಂದ ಬರುತ್ತದೆ. ನೇರ ಬಂದದ್ದು ಯಾವುದು, ಸುತ್ತಿ ಬಂದದ್ದು ಯಾವುದು ಎಂದು ಬೇರ್ಪಡಿಸುವುದೇ ಇಡೀ ಸಮಸ್ಯೆ.

ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ ಬೇರೆ ಹಾದಿ ಹಿಡಿಯಿತು. 2014ರಿಂದ ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ ನೆರವಿನಲ್ಲಿ ಬೆಳೆದ ‘ಪಾಯಿಂಟರ್’ ವ್ಯವಸ್ಥೆ ಅಲೆಯ ಗೊಡವೆಯನ್ನೇ ಬಿಟ್ಟು, ಬಹಳ ಕಡಿಮೆ ಆವರ್ತನದ ಕಾಂತಕ್ಷೇತ್ರವನ್ನು ಬಳಸುತ್ತದೆ. ಹೊರಗಿನ ವಾಹನಗಳ ಮೇಲಿನ ಟ್ರಾನ್ಸ್‌ಮಿಟರು ಉಂಟುಮಾಡುವ ಆ ಕ್ಷೇತ್ರ ಇಟ್ಟಿಗೆ, ಮರ, ಗಾರೆಗಳನ್ನು ಹೆಚ್ಚು ಕೆಡದೆ ದಾಟುತ್ತದೆ. ಒಳಗಿನವರು ತೊಟ್ಟ ರಿಸೀವರು ಅದನ್ನು ಗ್ರಹಿಸುತ್ತದೆ; ಅದರಿಂದ ತೊಟ್ಟವರು ಎಲ್ಲಿದ್ದಾರೆ ಎಂಬುದರ ಜೊತೆಗೆ ಅವರ ಮೈ ಯಾವ ಕಡೆ ವಾಲಿದೆ ಎಂಬುದನ್ನೂ ವ್ಯವಸ್ಥೆ ಲೆಕ್ಕಹಾಕುತ್ತದೆ. ನಿಂತಿದ್ದಾರೋ ಬಿದ್ದಿದ್ದಾರೋ ತಿಳಿಯುವುದು ಸಣ್ಣ ಸಂಗತಿಯಲ್ಲ. ಹೊರಗಿನ ಅಧಿಕಾರಿಯ ಪ್ರಶ್ನೆಗೆ ನಾನು ಕಂಡ ಉತ್ತರಗಳಲ್ಲಿ ಇದು ಹೆಚ್ಚು ಭರವಸೆ ಹುಟ್ಟಿಸುವಂಥದು.

ಯಾವ ಮಹಡಿ ಎಂಬುದನ್ನು ತಿಳಿಯಲು ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಸಾಕು ಎಂದು ಅನೇಕರು ಹೇಳುತ್ತಾರೆ. ಈಗಿನ ಅನೇಕ ಮೊಬೈಲುಗಳಲ್ಲೂ ಅದಿದೆ. ಮೂರು ಮೀಟರ್ ಎತ್ತರದ ಒಂದು ಮಹಡಿ ಏರಿದರೆ ಒತ್ತಡ ಇಳಿಯುವುದು ಸುಮಾರು 36 ಪ್ಯಾಸ್ಕಲ್, ಅಂದರೆ ಒಟ್ಟು ಒತ್ತಡದಲ್ಲಿ ಮೂರು ಸಾವಿರಕ್ಕೊಂದು ಪಾಲು. ಸೆನ್ಸರ್ ಅಷ್ಟನ್ನು ಹಿಡಿಯಬಲ್ಲದು. ಆದರೆ ಎತ್ತರದ ಕಟ್ಟಡಗಳಲ್ಲಿ ಹೊಗೆ ನುಗ್ಗದಿರಲೆಂದು ಮೆಟ್ಟಿಲಿನ ಭಾಗಕ್ಕೆ ಫ್ಯಾನಿನಿಂದ ಗಾಳಿ ತುಂಬುತ್ತಾರೆ. ಅದರ ಒತ್ತಡ ಸಾಮಾನ್ಯವಾಗಿ 50 ಪ್ಯಾಸ್ಕಲ್ ಆಸುಪಾಸು. ಹಾಗೆ ಗಾಳಿ ತುಂಬಿದ ಮೆಟ್ಟಿಲಿಗೆ ಕಾಲಿಟ್ಟೊಡನೆ ಸೆನ್ಸರ್ ಒಂದು ಮಹಡಿ ಕೆಳಗಿನ ಲೆಕ್ಕ ಕೊಟ್ಟೀತು! ಜೀವ ಉಳಿಸಲು ಇಟ್ಟ ಒಂದು ವ್ಯವಸ್ಥೆ ಇನ್ನೊಂದರ ದಾರಿ ತಪ್ಪಿಸುವ ಇಂಥ ಸಂದರ್ಭಗಳನ್ನು ಮೊದಲೇ ಊಹಿಸಿ ವಿನ್ಯಾಸ ಮಾಡಬೇಕು.

ಇನ್ನು ಕಾಲಿನ ವಿಷಯ. ಇದರಲ್ಲಿ ಬೆಂಗಳೂರಿನ ಪಾಲಿದೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಹೊರಗಿನ ಯಾವ ಸಂಕೇತವನ್ನೂ ನೆಚ್ಚದೆ, ಕಣ್ಣು ಮುಚ್ಚಿ ಹೆಜ್ಜೆ ಎಣಿಸುತ್ತ ಮನೆಯೊಳಗೆ ನಡೆಯುವವರ ಹಾಗೆ, ತನ್ನ ಚಲನೆಯನ್ನೇ ಅಳೆದು ಜಾಗ ತಿಳಿಯುವ ವಿಧಾನವೊಂದಿದೆ. ವಿಮಾನ, ಜಲಾಂತರ್ಗಾಮಿಗಳಲ್ಲಿ ಅದು ಬಹುಕಾಲದಿಂದ ಬಳಕೆಯಲ್ಲಿದೆ. ವೇಗ ಬದಲಾಗುವುದನ್ನು ಅಳೆಯುವ ಒಂದು ಸೆನ್ಸರ್, ತಿರುಗುವುದನ್ನು ಅಳೆಯುವ ಗೈರೊಸ್ಕೋಪ್, ಇವೆರಡರಿಂದ ಲೆಕ್ಕ ಕಟ್ಟುತ್ತಾರೆ. ಮೈಮೇಲೆ ತೊಡುವಷ್ಟು ಚಿಕ್ಕ, ಅಗ್ಗದ ಚಿಪ್‌ಗಳಲ್ಲಿ ಈ ಲೆಕ್ಕ ಬೇಗನೆ ಹಳಿ ತಪ್ಪುತ್ತದೆ. ಓರೆಯನ್ನು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ತಪ್ಪಾಗಿ ಅಳೆದರೂ, ಭೂಮಿಯ ಗುರುತ್ವವೇ ಚಲನೆಯಂತೆ ತೋರಿ ಒಂದು ನಿಮಿಷದಲ್ಲಿ 30 ಮೀಟರಿನಷ್ಟು ತಪ್ಪಾಗುತ್ತದೆ. ನಿಂತಲ್ಲೇ ನಿಂತವರು ಪಕ್ಕದ ಕಟ್ಟಡದಲ್ಲಿದ್ದಾರೆ ಎಂದು ಪರದೆ ತೋರಿಸುತ್ತದೆ.

ಇದಕ್ಕೆ ಸಿಕ್ಕ ಪರಿಹಾರ ಸೊಗಸಾದದ್ದು. ನಡೆಯುವಾಗ ಊರಿದ ಪಾದ ಪ್ರತಿ ಹೆಜ್ಜೆಯಲ್ಲೂ ಒಂದು ಕ್ಷಣ ನೆಲದ ಮೇಲೆ ಪೂರ್ತಿ ನಿಶ್ಚಲವಾಗಿರುತ್ತದೆ. ಸೆನ್ಸರನ್ನು ಬೂಟಿನಲ್ಲಿಟ್ಟರೆ ಆ ಕ್ಷಣದಲ್ಲಿ ವೇಗ ಸೊನ್ನೆ ಎಂಬುದು ಖಚಿತವಾಗಿ ಗೊತ್ತು. ಲೆಕ್ಕದಲ್ಲಿ ಕಂಡ ವೇಗವೆಲ್ಲ ತಪ್ಪೇ, ಅದನ್ನು ಅಲ್ಲೇ ತಿದ್ದಬಹುದು. ತಪ್ಪು ಕ್ಷಣಕ್ಷಣಕ್ಕೂ ಉಬ್ಬುವುದು ನಿಂತು, ನಡೆದ ದೂರಕ್ಕೆ ತಕ್ಕಷ್ಟೇ ಬೆಳೆಯುತ್ತದೆ. 2005ರಲ್ಲಿ ಎರಿಕ್ ಫಾಕ್ಸ್‌ಲಿನ್ ಪ್ರಕಟಿಸಿದ ‘ನ್ಯಾವ್‌ಶೂ’ ಲೇಖನ ಈ ಉಪಾಯವನ್ನು ಜನಪ್ರಿಯಗೊಳಿಸಿತು. 2012ರಲ್ಲಿ ಸ್ಟಾಕ್‌ಹೋಮ್‌ನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ‘ಓಪನ್‌ಶೂ’ ಹೆಸರಿನಲ್ಲಿ ಅದರ ವಿನ್ಯಾಸವನ್ನೂ ಪ್ರೋಗ್ರಾಮನ್ನೂ ಯಾರು ಬೇಕಾದರೂ ಬಳಸಲೆಂದು ತೆರೆದಿಟ್ಟರು. ನಮ್ಮ ಸಂಸ್ಥೆಯಿಂದ ಪ್ರೊ. ಕೆ.ವಿ.ಎಸ್. ಹರಿ, ಸ್ವೀಡನ್ನಿನಿಂದ ಯೋನ್-ಒಲೋಫ್ ನಿಲ್ಸನ್, ಐಸಾಕ್ ಸ್ಕೂಗ್, ಪೀಟರ್ ಹಂಡೆಲ್ ಅದರಲ್ಲಿದ್ದರು. 2014ರಲ್ಲಿ ಇದೇ ಬಳಗ ಅಗ್ನಿಶಾಮಕರನ್ನೇ ಗುರಿಯಾಗಿಟ್ಟುಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎರಡೂ ಬೂಟುಗಳಿಗೆ ಸೆನ್ಸರ್ ಇಟ್ಟರು. ಒಬ್ಬರ ಎರಡು ಪಾದಗಳು ಒಂದು ದಾಪುಗಾಲಿಗಿಂತ ದೂರ ಹೋಗಲಾರವು ಎಂಬ ಸರಳ ಸತ್ಯವೇ ಎರಡು ಲೆಕ್ಕಗಳನ್ನು ಪರಸ್ಪರ ತಿದ್ದುತ್ತದೆ. ಅದರ ಮೇಲೆ, ಜೊತೆಗಾರರ ನಡುವಿನ ದೂರವನ್ನು ರೇಡಿಯೊದಿಂದ ಅಳೆದು ಇಡೀ ತಂಡದ ಲೆಕ್ಕವನ್ನು ಒಟ್ಟಿಗೆ ಬಿಗಿದರು. ಫೈರ್‌ಮನ್‌ಗಳು ಒಬ್ಬೊಬ್ಬರೇ ಒಳಹೋಗುವುದಿಲ್ಲ, ಜೋಡಿಯಾಗಿ ಹೋಗುತ್ತಾರೆ. ಆ ರೂಢಿಯನ್ನೇ ಗಣಿತವಾಗಿಸಿದ್ದು ನನಗೆ ಬಹಳ ಮೆಚ್ಚಿಗೆಯಾದ ವಿಚಾರ.

ಉಳಿದ ಕೊರತೆಗಳನ್ನೂ ಹೇಳಬೇಕು. ಪಾದ ನಿಂತಿತೆಂಬ ತಿಳಿವಳಿಕೆ ವೇಗವನ್ನು ತಿದ್ದುತ್ತದೆ, ದಿಕ್ಕನ್ನು ತಿದ್ದದು. ದಿಕ್ಕು ಐದು ಡಿಗ್ರಿ ತಪ್ಪಿದರೆ 50 ಮೀಟರ್ ನಡೆಯುವಷ್ಟರಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಆಚೆ ಸರಿದಿರುತ್ತೇವೆ, ಅದು ಗೋಡೆಯಾಚೆಯ ಕೋಣೆ. ದಿಕ್ಸೂಚಿಯನ್ನು ಕೇಳೋಣವೆಂದರೆ ಕಟ್ಟಡದ ಕಬ್ಬಿಣ ಅದನ್ನು ಮರುಳು ಮಾಡುತ್ತದೆ. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ 2009ರಲ್ಲಿ ಮುಂದಿಟ್ಟ ‘ಫುಟ್‌ಸ್ಲ್ಯಾಮ್’ ವಿಧಾನದಲ್ಲಿ, ನಡೆದ ಓಣಿಯಲ್ಲೇ ಮತ್ತೆ ನಡೆದಾಗ ಹಳೆಯ ಜಾಡು ಹೊಸದನ್ನು ತಿದ್ದುತ್ತದೆ. ಮೊದಲ ಬಾರಿಗೆ ಒಳಹೊಕ್ಕವರಿಗೆ ಆ ಅನುಕೂಲವಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ: ದಟ್ಟ ಹೊಗೆಯಲ್ಲಿ ಯಾರೂ ನೆಟ್ಟಗೆ ನಡೆಯುವುದಿಲ್ಲ. ಬಿಸಿ ಮೇಲಿರುತ್ತದೆ, ಹಾಗಾಗಿ ಮೊಣಕಾಲ ಮೇಲೆ ತೆವಳುತ್ತಾರೆ, ಬೂಟಿನ ತುದಿ ನೆಲಕ್ಕೆ ಉಜ್ಜುತ್ತ ಬರುತ್ತದೆ. ಪಾದ ನಿಶ್ಚಲವಾಗುವ ಆ ಅಮೂಲ್ಯ ಕ್ಷಣ ಸಿಗುವುದೇ ಅಪರೂಪ. ತೆವಳಾಟವನ್ನೂ ಏಣಿ ಹತ್ತುವುದನ್ನೂ ಗುರುತಿಸಿ ಲೆಕ್ಕ ಮಾಡುವ ಕೆಲಸ ಇಲ್ಲಿ ಮುಖ್ಯವಾಗಬೇಕು. ಕಾಲೇಜಿನ ಕಾರಿಡಾರಿನಲ್ಲಿ ನಡೆದು ಪಡೆದ ನಿಖರತೆಯ ಅಂಕಿಗಳನ್ನು ನಾನು ಪೂರ್ತಿ ನಂಬುವುದಿಲ್ಲ.

ಕಣ್ಣಿಗೇ ಕಾಣಿಸಿಬಿಡೋಣ ಎಂಬುದು ಮತ್ತೊಂದು ದಾರಿ. ಶಾಖವನ್ನು ಚಿತ್ರವಾಗಿಸುವ ಥರ್ಮಲ್ ಕ್ಯಾಮೆರಾ ಹೊಗೆಯಾಚೆಗೂ ನೋಡಬಲ್ಲದು. ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳು 1990ರ ದಶಕದಿಂದ ದಳಗಳಿಗೆ ಬಂದವು. ಕೈ ಖಾಲಿಯಿರಬೇಕಾದ ಕೆಲಸವಾದ್ದರಿಂದ ಆಮೇಲೆ ಅದನ್ನು ಮಾಸ್ಕಿನೊಳಗೇ ತಂದರು. ಸ್ಕಾಟ್ ಕಂಪನಿಯ ‘ಸ್ಕಾಟ್ ಸೈಟ್’ ಹಾಗೆ ಬಂದದ್ದು. ಕ್ವೇಕ್ ಎಂಬ ಅಮೆರಿಕದ ಕಂಪನಿಯ ‘ಸಿ-ಥ್ರೂ’ ಇನ್ನೂ ಮುಂದೆ ಹೋಗಿ, ಬಾಗಿಲು, ಮೂಲೆ, ಮೇಜುಗಳ ಅಂಚುಗಳನ್ನಷ್ಟೇ ಗೆರೆಗಳಾಗಿ ಕಣ್ಣೆದುರು ಬಿಡಿಸುತ್ತದೆ. ಗಾಬರಿಯಲ್ಲಿರುವ ಮೆದುಳಿಗೆ ಪೂರ್ತಿ ಚಿತ್ರಕ್ಕಿಂತ ನಾಲ್ಕು ಗೆರೆ ಬೇಗ ಅರ್ಥವಾಗುತ್ತದೆ ಎಂಬುದು ಸರಿಯಾದ ತಿಳಿವಳಿಕೆ. ಆದರೆ ಗಾಜಿನಾಚೆ ಥರ್ಮಲ್ ಕ್ಯಾಮೆರಾಕ್ಕೆ ಕಾಣದು. ಗಾಜು ಅದಕ್ಕೆ ಕನ್ನಡಿ, ಎದುರಿನ ಶಾಖವನ್ನೇ ಪ್ರತಿಫಲಿಸುತ್ತದೆ. ನುಣುಪಾದ ಲೋಹವೂ ಹಾಗೆಯೇ. ಗಾಜಿನ ಗೋಡೆಗಳ ಇಂದಿನ ಕಚೇರಿಗಳಲ್ಲಿ ಇದು ಚಿಕ್ಕ ದೋಷವಲ್ಲ. ಇನ್ನೊಂದು ಅಪಾಯವನ್ನು ಅನುಭವಿ ತರಬೇತುದಾರರು ಎಲ್ಲೆಡೆ ಎಚ್ಚರಿಸುತ್ತಾರೆ: ಕ್ಯಾಮೆರಾ ಇದೆಯೆಂಬ ಧೈರ್ಯದಲ್ಲಿ ಗೋಡೆ ಬಿಟ್ಟು ಕೋಣೆಯ ನಡುವೆ ನಡೆದುಹೋದವರ ಬಳಿ, ಬ್ಯಾಟರಿ ಸತ್ತ ಕ್ಷಣದಲ್ಲಿ ಗೋಡೆಯೂ ಇರುವುದಿಲ್ಲ, ಹೋಸೂ ಇರುವುದಿಲ್ಲ.

ಚರ್ಮಕ್ಕೆ ಹೇಳುವ ಸಾಧನಗಳ ಬಗ್ಗೆ ನನಗೆ ಹೆಚ್ಚು ಒಲವು, ಏಕೆಂದರೆ ಅವು ಫೈರ್‌ಮನ್ನರ ಹಳೆಯ ವಿದ್ಯೆಯ ಜೊತೆಗೇ ಸಾಗುತ್ತವೆ. 2013ರಲ್ಲಿ ಎರಡು ಪ್ರಯೋಗಗಳು ಹೊರಬಂದವು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಟೋನಿ ಪ್ರೆಸ್ಕಾಟ್ ಬಳಗ, ಇಲಿ ಮೀಸೆಯಿಂದ ದಾರಿ ತಿಳಿಯುವುದನ್ನು ಅಧ್ಯಯನ ಮಾಡುತ್ತಿದ್ದವರು, ಒಂದು ಹೆಲ್ಮೆಟ್ ಮಾಡಿದರು. ಸುತ್ತಲಿನ ಗೋಡೆಗಳ ದೂರವನ್ನು ಕಿವಿಗೆ ಕೇಳದ ಶಬ್ದದಿಂದ ಅಳೆದು, ಹಣೆಗೆ ತಾಗಿದ ಪುಟ್ಟ ಮೋಟಾರುಗಳ ಕಂಪನದಲ್ಲಿ ಅದು ತಿಳಿಸುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆಂತನಿ ಕಾರ್ಟನ್ ಮತ್ತು ಲೂಸಿ ಡನ್ ಇದೇ ತತ್ವವನ್ನು ಕೈಗವಸಿಗೆ ತಂದರು. ಕೈ ಚಾಚಿದ ಕಡೆ ಏನಾದರೂ ಅಡ್ಡವಿದ್ದರೆ ಮುಟ್ಟುವ ಮುಂಚೆಯೇ ಕೈಗೆ ಗೊತ್ತಾಗುತ್ತದೆ. ಜರ್ಮನಿಯ ಓಸ್ನಾಬ್ರುಕ್‌ನಲ್ಲಿ 2005ರಲ್ಲೇ ಪೀಟರ್ ಕೋನಿಗ್ ಬಳಗ ಸೊಂಟಪಟ್ಟಿಯೊಂದನ್ನು ಮಾಡಿತ್ತು. ಉತ್ತರ ದಿಕ್ಕಿನ ಕಡೆಯ ಮೋಟಾರು ಸದಾ ಮಿಡಿಯುತ್ತಿರುತ್ತದೆ, ತೊಟ್ಟವರಿಗೆ ಕೆಲವು ವಾರಗಳಲ್ಲಿ ದಿಕ್ಕು ಮೈಗೂಡತೊಡಗುತ್ತದೆ. ಉತ್ತರದ ಬದಲು, ಒಳಬಂದ ಬಾಗಿಲಿನ ಕಡೆ ಮಿಡಿಯುವ ಪಟ್ಟಿಯನ್ನು ಊಹಿಸಿಕೊಳ್ಳಿ. ಬೂಟಿನ ಲೆಕ್ಕ ಅದಕ್ಕೆ ದಿಕ್ಕು ಕೊಡಬಹುದು. ನೋಡುವಂಥದೂ ಇಲ್ಲ, ಓದುವಂಥದೂ ಇಲ್ಲ, ಕೈ ಖಾಲಿ.

ಇವಕ್ಕೂ ಬೆಂಕಿಯ ಲೆಕ್ಕ ಬೇರೆಯೇ ಇದೆ. ಗಾಳಿ ಬಿಸಿಯಾದಷ್ಟೂ ಶಬ್ದ ವೇಗವಾಗಿ ಓಡುತ್ತದೆ: 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 200 ಡಿಗ್ರಿಯಲ್ಲಿ ಸುಮಾರು 436. ತಣ್ಣನೆಯ ಗಾಳಿಗೆ ಹೊಂದಿಸಿದ ಕೈಗವಸು ಎರಡು ಮೀಟರ್ ದೂರದ ಗೋಡೆಯನ್ನು ಸುಮಾರು 1.6 ಮೀಟರಿನಲ್ಲಿದೆ ಎನ್ನುತ್ತದೆ. ಪುಣ್ಯಕ್ಕೆ ತಪ್ಪು ಹತ್ತಿರದ ಕಡೆಗೇ ಇದೆ, ಉಷ್ಣತೆ ಅಳೆದು ತಿದ್ದಲೂಬಹುದು. ದಪ್ಪ ಕೈಗವಸು, ಭಾರದ ಬಟ್ಟೆ, ಜೋರಾಗಿ ಬಡಿಯುವ ಎದೆ, ಇವುಗಳ ನಡುವೆ ಸಣ್ಣ ಕಂಪನ ಗಮನಕ್ಕೆ ಬರುವುದೇ ಎಂಬುದು ಇನ್ನೂ ಕಠಿಣ ಪ್ರಶ್ನೆ. ನಿಜವಾದ ಕವಾಯತಿನಲ್ಲಿ, ನಿಜವಾದ ಬಳಲಿಕೆಯಲ್ಲಿ ಪರೀಕ್ಷಿಸದೆ ಇದಕ್ಕೆ ಉತ್ತರವಿಲ್ಲ.

ಈ ಪಾಠವನ್ನು ಮೊದಲೇ ಕಲಿತವರು ಯುರೋಪಿನವರು. 2004ರಲ್ಲಿ ಶುರುವಾದ ‘ವೇರ್‌ಇಟ್‌ಅಟ್‌ವರ್ಕ್’ ಯೋಜನೆಯಲ್ಲಿ ಪ್ಯಾರಿಸ್ ಅಗ್ನಿಶಾಮಕ ದಳ ಪಾಲ್ಗೊಂಡಿತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಮಾರ್ಕುಸ್ ಕ್ಲಾನ್ ಮುಂತಾದವರು ಉಪಕರಣ ಕಟ್ಟುವ ಮುಂಚೆಯೇ ಸಿಬ್ಬಂದಿಯನ್ನು ಕೂಡಿಸಿ, ಅಣಕು ಕಾರ್ಯಾಚರಣೆಗಳಲ್ಲಿ ವಿಚಾರಗಳನ್ನು ಒರೆಗೆ ಹಚ್ಚಿದರು. ಅದರಿಂದ ಹುಟ್ಟಿದ ‘ಲೈಫ್‌ನೆಟ್’ ಕಲ್ಪನೆಯಲ್ಲಿ ಒಳಹೋಗುವವರು ಹಾದಿಯುದ್ದಕ್ಕೂ ಚಿಕ್ಕ ರೇಡಿಯೊ ಗುರುತುಗಳನ್ನು ಬಿಡುತ್ತ ಹೋಗುತ್ತಾರೆ, ಮರಳುವಾಗ ಅವೇ ದಾರಿ ತೋರುತ್ತವೆ. ಅದು ಮಾರ್ಗದ ಹಗ್ಗದ ಮುಂದುವರಿಕೆ. ಫೈರ್‌ಮನ್‌ಗಳನ್ನು ಕೇಳಿ ಮಾಡಿದ ವಿನ್ಯಾಸ ಅವರ ಕೈಯಲ್ಲಿ ಈಗಾಗಲೇ ಇದ್ದದ್ದನ್ನು ಗೌರವಿಸಿತು ಎಂಬುದು ಗಮನಿಸಬೇಕಾದ ಅಂಶ.

ತೊಡುವ ಸಾಧನ ಎಷ್ಟೇ ಜಾಣವಾದರೂ ಕಟ್ಟಡ ಸಹಕರಿಸಬೇಕು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಉರಿದಾಗ 72 ಮಂದಿ ಸತ್ತರು. ಹೊಗೆ ತುಂಬಿದ ಮೆಟ್ಟಿಲುಗಳಲ್ಲಿ ಏರಿದ ಸಿಬ್ಬಂದಿಗೆ ತಾವು ಯಾವ ಮಹಡಿಯಲ್ಲಿದ್ದೇವೆ ಎಂಬುದೇ ಸ್ಪಷ್ಟವಾಗುತ್ತಿರಲಿಲ್ಲ. ಮಹಡಿಯ ಸಂಖ್ಯೆಗಳು ಸರಿಯಾಗಿ ಕಾಣುವಂತಿರಲಿಲ್ಲ, ನವೀಕರಣದಲ್ಲಿ ಎಣಿಕೆಯೂ ಬದಲಾಗಿತ್ತು. ತನಿಖಾ ಆಯೋಗದ ಶಿಫಾರಸಿನ ಬಳಿಕ ಬಂದ ಇಂಗ್ಲೆಂಡಿನ 2022ರ ನಿಯಮಗಳ ಪ್ರಕಾರ, ಕನಿಷ್ಠ 18 ಮೀಟರ್ ಎತ್ತರದ ಅಥವಾ ಕನಿಷ್ಠ ಏಳು ಅಂತಸ್ತಿನ ವಸತಿ ಕಟ್ಟಡಗಳಲ್ಲಿ ಮಂದ ಬೆಳಕು, ಹೊಗೆಯಲ್ಲೂ ಕಾಣುವ ಮಹಡಿ ಫಲಕಗಳಿರಬೇಕು, ಕಟ್ಟಡದ ನಕ್ಷೆ ಅಗ್ನಿಶಾಮಕ ದಳದ ಕೈಯಲ್ಲಿರಬೇಕು. ಒಂದು ಡಬ್ಬಿ ಬಣ್ಣದ ಬೆಲೆಗೆ ಸಿಗುವ ಉತ್ತರ ಇದು.

ನಮ್ಮಲ್ಲಿ? 2021ರ ಮಾರ್ಚ್ 8ರಂದು ಕೋಲ್ಕತದ ಸ್ಟ್ರಾಂಡ್ ರಸ್ತೆಯ ರೈಲ್ವೆ ಕಚೇರಿ ಕಟ್ಟಡದ ಬೆಂಕಿಯಲ್ಲಿ ನಾಲ್ವರು ಅಗ್ನಿಶಾಮಕ ಸಿಬ್ಬಂದಿ ಸೇರಿ ಒಂಬತ್ತು ಮಂದಿ ಸತ್ತರು, ಹಲವರ ಶವಗಳು ಸಿಕ್ಕಿದ್ದು ಲಿಫ್ಟಿನಲ್ಲಿ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಹೊಗೆಯಿಂದ ಪಾರಾಗುವ ದಾರಿ ಸಿಗದೆ ಒಂಬತ್ತು ಜನ ಪ್ರಾಣ ಬಿಟ್ಟರು. ಇಂಥ ಕಟ್ಟಡಗಳು ಈಗ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲೂ ಏಳುತ್ತಿವೆ. ಬೂಟಿನಿಂದ ದಾರಿ ಲೆಕ್ಕ ಹಾಕುವ ವಿದ್ಯೆಗೆ ಕೈಜೋಡಿಸಿದ ಸಂಸ್ಥೆ ಮಲ್ಲೇಶ್ವರದ ಪಕ್ಕದಲ್ಲಿದೆ. ರಾಜ್ಯದ ಅಗ್ನಿಶಾಮಕರು ತರಬೇತಿ ಪಡೆಯುವ ಆರ್.ಎ. ಮುಂಡ್ಕೂರ್ ಅಕಾಡೆಮಿ ಅದೇ ಊರಿನ ಬನ್ನೇರುಘಟ್ಟ ರಸ್ತೆಯಲ್ಲಿದೆ. ಪ್ಯಾರಿಸ್ಸಿನಲ್ಲಿ ಆದಂತೆ ಸಂಶೋಧಕರು ಮತ್ತು ಫೈರ್‌ಮನ್‌ಗಳು ಒಂದೇ ಹೊಗೆಕೋಣೆಯಲ್ಲಿ ಒಟ್ಟಿಗೆ ತೆವಳಿ, ಬಾಗಿಲ ಕಡೆ ಮಿಡಿಯುವ ಒಂದು ಸೊಂಟಪಟ್ಟಿಯನ್ನು ಇಲ್ಲೇ ರೂಪಿಸಲು ಬೇಕಾದ ಜ್ಞಾನ ತೆರೆದೇ ಇದೆ. ಸರ್ಕಾರ ಅದಕ್ಕೆ ಹಣ ಕೊಡಬೇಕು, ಇಲಾಖೆ ಸಿಬ್ಬಂದಿಯ ಸಮಯ ಕೊಡಬೇಕು.

ಅದು ಕೈಗೂಡಲು ವರ್ಷಗಳು ಹಿಡಿಯಬಹುದು. ಅಷ್ಟರೊಳಗೆ ನೀವು ಬಹುಮಹಡಿ ಕಟ್ಟಡದಲ್ಲಿ ವಾಸವಿದ್ದರೆ ಒಮ್ಮೆ ಮೆಟ್ಟಿಲಿಳಿದು ನೋಡಿ. ಪ್ರತಿ ಮಹಡಿಯ ಸಂಖ್ಯೆಯೂ ಅಲ್ಲಿದೆಯೇ? ತೆವಳಿ ಬರುವವರ ಟಾರ್ಚಿಗೆ ಸಿಗುವಷ್ಟು ಕೆಳಗೆ, ದೊಡ್ಡದಾಗಿ, ಹೊಳೆಯುವ ಬಣ್ಣದಲ್ಲಿ ಇದೆಯೇ? ಇಲ್ಲವಾದರೆ ಮುಂದಿನ ನಿವಾಸಿಗಳ ಸಂಘದ ಸಭೆಯಲ್ಲಿ ಈ ಮಾತೆತ್ತಿ, ಬರೆಸಿ.